ವಿಶ್ವಕಿರಣಗಳ ಹಾದಿ: ಸವದತ್ತಿಯ ಬೆಣಚುಕಲ್ಲಿನಿಂದ ಸಿ.ಟಿ. ಸ್ಕ್ಯಾನಿನವರೆಗೆ

ಬೆಳಗಾವಿ ಜಿಲ್ಲೆಯ ಕಿತ್ತೂರಾಗಲಿ, ರಾಮದುರ್ಗವಾಗಲಿ, ಬಯಲಲ್ಲಿ ಅಂಗೈ ಚಾಚಿ ನಿಂತವರ ಕೈಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯುಯಾನ್ ಎಂಬ ಕಣ ತೂರಿಹೋಗುತ್ತದೆ. ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದು ಎಂಬುದು ನೆಲಮಟ್ಟದ ಸ್ಥೂಲ ಲೆಕ್ಕ. ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ ಇದು ನಡೆದೇ ಇರುತ್ತದೆ. ಈ ಕಣಗಳ ಮೂಲ ಬಹು ದೂರದ ನಕ್ಷತ್ರಲೋಕದಲ್ಲಿದೆ. ಅಲ್ಲಿಂದ ಹೊರಟ ಪ್ರೋಟಾನುಗಳು ಭೂಮಿಯ ವಾಯುಮಂಡಲವನ್ನು ಹೊಕ್ಕು, ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಯ ನ್ಯೂಕ್ಲಿಯಸ್ಸುಗಳಿಗೆ ಬಡಿದು ಪಯಾನುಗಳನ್ನು ಹುಟ್ಟಿಸುತ್ತವೆ. ಪಯಾನುಗಳು ಕ್ಷಯಿಸಿ ಮ್ಯುಯಾನುಗಳೂ ನ್ಯೂಟ್ರಿನೊಗಳೂ ಆಗುತ್ತವೆ. ಹೊರಟದ್ದು ನಕ್ಷತ್ರದಿಂದ, ಒಡೆದದ್ದು ಗಾಳಿಯಲ್ಲಿ, ಹಾದುಹೋದದ್ದು ದೇಹದ ಮೂಲಕ. ಖಗೋಳಭೌತ, ಕಣಭೌತ, ವಾಯುಮಂಡಲ ವಿಜ್ಞಾನ, ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಎಂದು ವಿಶ್ವವಿದ್ಯಾಲಯಗಳು ನಾಲ್ಕು ಬೇರೆ ಕಟ್ಟಡಗಳಲ್ಲಿ ಇಟ್ಟಿರುವ ವಿದ್ಯೆಗಳು ಈ ಒಂದೇ ಹಾದಿಯ ಮೇಲಿವೆ. ಅವುಗಳ ಚರಿತ್ರೆಯನ್ನು ಬಿಡಿಬಿಡಿಯಾಗಿ ಬರೆಯಬಹುದು, ಆದರೆ ಹಾಗೆ ಬರೆದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಈ ಚರಿತ್ರೆ ಆರಂಭವಾಗುವುದು ಮೋಡದಿಂದ. 1894ರಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಸ್ಕಾಟ್ಲೆಂಡಿನ ಯುವಕ ಬೆನ್ ನೆವಿಸ್ ಶಿಖರದ ಹವಾಮಾನ ವೀಕ್ಷಣಾಲಯದಲ್ಲಿ ಕೆಲವು ವಾರ ಕೆಲಸ ಮಾಡಿದ. ಮೋಡದ ಮೇಲೆ ಬಿಸಿಲು ಬಿದ್ದಾಗ ಕಾಣುವ ಬಣ್ಣದ ಬಳೆಗಳಿಗೆ ಮನಸೋತು, ಅಂಥದನ್ನೇ ಪ್ರಯೋಗಶಾಲೆಯಲ್ಲಿ ಮಾಡಿನೋಡಲು ಗಾಜಿನ ಪೆಟ್ಟಿಗೆಯಲ್ಲಿ ತೇವದ ಗಾಳಿ ತುಂಬಿ ಅದನ್ನು ಒಮ್ಮೆಲೇ ಹಿಗ್ಗಿಸಿದ. ಧೂಳಿಲ್ಲದ ಗಾಳಿಯಲ್ಲೂ ಹನಿಗಟ್ಟಿತು. ವಿದ್ಯುದಂಶ ಹೊತ್ತ ಅಯಾನುಗಳ ಸುತ್ತ ನೀರು ಕೂಡುತ್ತದೆ ಎಂಬುದು ಆಗ ತಿಳಿಯಿತು. 1911ರ ಹೊತ್ತಿಗೆ ಅದೇ ಪೆಟ್ಟಿಗೆಯಲ್ಲಿ ಒಂಟಿ ಕಣಗಳು ಹಾದುಹೋದ ಜಾಡು ಬಿಳಿಯ ಗೆರೆಯಾಗಿ ಕಂಡಿತು. ಕ್ಲೌಡ್ ಚೇಂಬರ್ ಎಂದು ಹೆಸರಾದ ಈ ಉಪಕರಣಕ್ಕೆ 1927ರಲ್ಲಿ ನೊಬೆಲ್ ಬಂತು. ಹವಾಮಾನ ವಿಜ್ಞಾನದ ಕುತೂಹಲವೇ ಕಣಭೌತಕ್ಕೆ ಮೊದಲ ಕಣ್ಣನ್ನು ಕೊಟ್ಟಿತು.

ನೆಲದಿಂದ ಮೇಲೇರಿದಂತೆ ವಿಕಿರಣ ಕಡಿಮೆಯಾಗಬೇಕೆಂಬ ನಂಬಿಕೆಯನ್ನು ಆಸ್ಟ್ರಿಯದ ವಿಕ್ಟರ್ ಹೆಸ್ ಮುರಿದ. 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5 ಕಿ.ಮೀ.ಗೂ ಮೇಲೆ ಹೋಗಿ ಅಳೆದಾಗ ವಿಕಿರಣ ಹೆಚ್ಚಿದ್ದು ಕಂಡುಬಂತು. ಅದು ಭೂಮಿಯ ಹೊರಗಿನಿಂದ ಬರುತ್ತಿತ್ತು. ಇದೇ ವಿಶ್ವಕಿರಣ. ಇಪ್ಪತ್ತು ವರ್ಷಗಳ ಮೇಲೆ, 1932ರಲ್ಲಿ, ಕಾರ್ಲ್ ಆ್ಯಂಡರ್ಸನ್ ಕ್ಲೌಡ್ ಚೇಂಬರಿನಲ್ಲಿ ಈ ವಿಶ್ವಕಿರಣಗಳ ಚಿತ್ರ ತೆಗೆಯುವಾಗ ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶದ ಕಣವೊಂದು ಸಿಕ್ಕಿತು. ಅದು ಪಾಸಿಟ್ರಾನ್. ಮುಂದೆ ಆಸ್ಪತ್ರೆಯ ಪ್ರಸ್ತಾಪ ಬಂದಾಗ ಈ ಕಣ ಮತ್ತೆ ಬೇಕಾಗುತ್ತದೆ.

ಮತ್ತೆ ಮ್ಯುಯಾನಿಗೆ ಬಂದರೆ, ಅದರ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟು ಹೊತ್ತಿನಲ್ಲಿ 660 ಮೀಟರಿಗಿಂತ ಹೆಚ್ಚು ಸಾಗಲಾರದು. 15 ಕಿ.ಮೀ. ಮೇಲೆ ಹುಟ್ಟಿದ್ದು ಬೈಲಹೊಂಗಲದ ನೆಲ ಮುಟ್ಟುವುದು ಹೇಗೆ? ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ವೇಗವಾಗಿ ಚಲಿಸುವ ಕಣದ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗಿ ನಡೆಯುತ್ತದೆ, ಹಾಗಾಗಿ ಅದರ ಆಯುಷ್ಯ ಹಿಗ್ಗುತ್ತದೆ. ವಿಶ್ವಕಿರಣದ ಕಣಗಳಲ್ಲಿ ಈ ಪರಿಣಾಮ ಕಾಣಬೇಕೆಂದು 1938ರಲ್ಲಿ ಹೇಳಿದವರು ಹೋಮಿ ಭಾಭಾ. ಮರುವರ್ಷ ಭಾರತಕ್ಕೆ ಬಂದಿದ್ದ ಅವರನ್ನು ಎರಡನೆಯ ಮಹಾಯುದ್ಧ ತಾವು ಕೆಲಸ ಮಾಡುತ್ತಿದ್ದ ಕೇಂಬ್ರಿಜ್‌ಗೆ ಮರಳಲು ಬಿಡಲಿಲ್ಲ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕೆಲಸ ಆರಂಭಿಸಿದ್ದೂ ಅದೇ ಆವರಣದಲ್ಲಿ. ಮುಂಬಯಿಗೆ ಹೋದದ್ದು ಆಮೇಲೆ. ಅಮೆರಿಕದ ರಾಬರ್ಟ್ ಮಿಲಿಕನ್ ಕೂಡ ಯುದ್ಧದ ಆರಂಭದ ಹೊತ್ತಿಗೆ ಬೆಂಗಳೂರಿಗೆ ಬಂದು ವಿಶ್ವಕಿರಣ ಅಳೆಯಲು ಬಲೂನು ಹಾರಿಸಿದರು. ದಕ್ಷಿಣ ಭಾರತ ಭೂಮಿಯ ಅಯಸ್ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಕಡಿಮೆ ಶಕ್ತಿಯ ಕಣಗಳನ್ನು ಭೂಮಿಯ ಕಾಂತಕ್ಷೇತ್ರವೇ ಇಲ್ಲಿ ಅತ್ತ ತಿರುಗಿಸಿಬಿಡುತ್ತದೆ. ಹೆಚ್ಚು ಶಕ್ತಿಯವು ಮಾತ್ರ ಒಳಬರುತ್ತವೆ. ಈ ನೆಲದ ಮೇಲೆ ಬೀಳುವ ವಿಶ್ವಕಿರಣ ಹೀಗೆ ನಿಸರ್ಗವೇ ಸೋಸಿಕೊಟ್ಟದ್ದು.

ಕರ್ನಾಟಕದಲ್ಲಿ ನಡೆದ ಅತಿ ದೊಡ್ಡ ಕಣಭೌತ ಪ್ರಯೋಗ ಯಾವುದೆಂದರೆ ಕೋಲಾರ ಚಿನ್ನದ ಗಣಿಯದು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಭಾಭಾ ಅವರ ಸೂಚನೆಯಂತೆ 1951ರಲ್ಲಿ ಎಣಿಕೆಯ ಉಪಕರಣ ಹೊತ್ತು ಗಣಿಗೆ ಇಳಿದರು. ಆಳಕ್ಕೆ ಹೋದಂತೆ ಮ್ಯುಯಾನುಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದು ಅವರ ಪ್ರಶ್ನೆ. ಹತ್ತು ವರ್ಷದೊಳಗೆ ಅಳತೆ 2.7 ಕಿ.ಮೀ. ಆಳಕ್ಕೂ ಇಳಿಯಿತು. ಅಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯುಯಾನೂ ದಾಖಲಾಗಲಿಲ್ಲ. ಬೇರೆ ಯಾರಿಗಾದರೂ ಇದು ನಿರಾಶೆಯ ಫಲಿತಾಂಶವಾಗುತ್ತಿತ್ತು. ಶ್ರೀಕಂಠನ್ ಅವರ ತಂಡಕ್ಕೆ ಅದೇ ದಾರಿ ತೋರಿಸಿತು: ಮ್ಯುಯಾನಿನ ಗದ್ದಲವೇ ಇಲ್ಲದ ಜಾಗದಲ್ಲಿ ನ್ಯೂಟ್ರಿನೊ ಹುಡುಕಬಹುದು. ನ್ಯೂಟ್ರಿನೊ ಇಡೀ ಭೂಮಿಯನ್ನೇ ಹಾದುಹೋಗಬಲ್ಲದು. ತೀರ ಅಪರೂಪಕ್ಕೆ ಮಾತ್ರ ಬಂಡೆಯ ಪರಮಾಣುವಿಗೆ ಬಡಿದು ಮ್ಯುಯಾನನ್ನು ಹುಟ್ಟಿಸುತ್ತದೆ. ಅಂಥ ಮ್ಯುಯಾನು ಅಡ್ಡವಾಗಿಯೂ ಬರಬಹುದು, ಕೆಳಗಿನಿಂದ ಮೇಲಕ್ಕೂ ಬರಬಹುದು. ಮೇಲಿನಿಂದ ಬರುವ ಸಾಮಾನ್ಯ ಮ್ಯುಯಾನಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೀಗೆ.

ಟಾಟಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ ಕೂಡಿ 2.3 ಕಿ.ಮೀ. ಆಳದಲ್ಲಿ ಶೋಧಕಗಳನ್ನು ನಿಲ್ಲಿಸಿದವು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹನ್, ಮಿಯಾಕೆ, ವುಲ್ಫೆಂಡೇಲ್ ಈ ಕೆಲಸದಲ್ಲಿದ್ದವರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಜಗತ್ತಿನಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ಇಲ್ಲಿ, ಮತ್ತು ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ. ಕೋಲಾರದ ಪ್ರಬಂಧ ಆ ವರ್ಷದ ಆಗಸ್ಟಿನಲ್ಲಿ ಕೆಲವೇ ದಿನಗಳ ಅಂತರದಿಂದ ಮೊದಲು ಅಚ್ಚಾಯಿತು. ಉಸಿರು ಕಟ್ಟುವ ಸೆಕೆಯಲ್ಲಿ, ಗಣಿ ಕಾರ್ಮಿಕರ ಜತೆಯಲ್ಲೇ ಇಳಿದು ಏರಿ ಮಾಡಿದ ಕೆಲಸವಿದು. ಚಿನ್ನ ಅಗೆಯಲು ತಲೆತಲಾಂತರದಿಂದ ದುಡಿದವರ ಶ್ರಮವಿಲ್ಲದೆ ಆ ಆಳವೇ ಇರುತ್ತಿರಲಿಲ್ಲ. ವಿಜ್ಞಾನದ ಚರಿತ್ರೆ ಬರೆಯುವವರು ಆ ಶ್ರಮವನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

1980ರ ಸುಮಾರಿಗೆ ಅದೇ ಆಳದಲ್ಲಿ ಇನ್ನೂ ದೊಡ್ಡ ಪ್ರಶ್ನೆ ಎದ್ದಿತು: ಪ್ರೋಟಾನ್ ಕ್ಷಯಿಸುತ್ತದೆಯೇ? 140 ಟನ್ ಕಬ್ಬಿಣದ ನಡುವೆ ಸಾಲುಸಾಲಾಗಿ ಎಣಿಕೆಯ ಕೊಳವೆಗಳನ್ನು ಜೋಡಿಸಿ ಕಾಯಲಾಯಿತು. ಕೆಲವು ಘಟನೆಗಳು ಕ್ಷಯದಂತೆ ಕಂಡವು, ಆದರೆ ಬೇರೆ ಕಡೆಯ ದೊಡ್ಡ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಪ್ರೋಟಾನಿನ ಆಯುಷ್ಯ 10ರ ಮುಂದೆ 33 ಸೊನ್ನೆ ಇಟ್ಟಷ್ಟು ವರ್ಷಕ್ಕೂ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಪ್ರೋಟಾನ್ ಕ್ಷಯಕ್ಕೆಂದೇ ಜಪಾನಿನಲ್ಲಿ ಕಟ್ಟಿದ ಕಾಮಿಯೋಕಾಂಡೆ ಎಂಬ ನೀರಿನ ತೊಟ್ಟಿ 1987ರ ಫೆಬ್ರವರಿ 23ರಂದು ನೆರೆಯ ಗೆಲಾಕ್ಸಿಯೊಂದರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳನ್ನು ಹಿಡಿಯಿತು. ಅದರ ಮುಂದಿನ ಪೀಳಿಗೆಯ ಸೂಪರ್ ಕಾಮಿಯೋಕಾಂಡೆ, 1998ರಲ್ಲಿ, ಕೋಲಾರದಲ್ಲಿ ಮೊದಲು ಕಂಡ ಅದೇ ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ಬಗೆ ಬದಲಿಸುತ್ತವೆಂದು ತೋರಿಸಿತು. ನ್ಯೂಟ್ರಿನೊಗೆ ದ್ರವ್ಯರಾಶಿ ಇದೆಯೆಂಬುದಕ್ಕೆ ಅದೇ ಸಾಕ್ಷಿ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು. ಮುಂದುವರಿಸಬೇಕಾಗಿದ್ದ ಪರಂಪರೆಯೊಂದನ್ನು ದೇಶ ಕೈಬಿಟ್ಟಿತೆಂದೇ ಹೇಳಬೇಕು.

ವಿಶ್ವಕಿರಣ ಹುಟ್ಟುವ ಕಡೆಗೆ ನೋಡುವ ಕೆಲಸವೂ ಈ ನಾಡಿನಲ್ಲಿ ನಡೆದಿದೆ. ಗೌರಿಬಿದನೂರಿನ ಬಯಲಿನಲ್ಲಿ ರೇಡಿಯೊ ದೂರದರ್ಶಕಗಳಿವೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆ್ಯಸ್ಟ್ರೋಸ್ಯಾಟ್ ಉಪಗ್ರಹ, ಸಿಡಿದ ನಕ್ಷತ್ರದ ಅವಶೇಷವಾದ ಕ್ರ್ಯಾಬ್ ನೀಹಾರಿಕೆಯ ಎಕ್ಸ್-ಕಿರಣಗಳನ್ನು ಪರೀಕ್ಷಿಸಿತು. ಅದರ ಒಂದು ಉಪಕರಣದಲ್ಲಿರುವ ಕ್ಯಾಡ್ಮಿಯಮ್ ಜಿಂಕ್ ಟೆಲ್ಯುರೈಡ್ ಹರಳನ್ನೇ ಆಸ್ಪತ್ರೆಗಳ ಗಾಮಾ ಕ್ಯಾಮೆರಾಗಳಲ್ಲೂ ಬಳಸುತ್ತಾರೆ.

ಇನ್ನು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ನೆಲ; ವಿಶ್ವಕಿರಣ ಇಲ್ಲಿನ ಕಲ್ಲಿನಲ್ಲೂ ಗುರುತು ಬಿಡುತ್ತದೆ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಮೇಲೆ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಗಟ್ಟಿ ಕಲ್ಲಿನ ಏಣನ್ನು ಸೀಳಿ, ರಾಮದುರ್ಗದತ್ತ ಹರಿಯುತ್ತದೆ. ಆ ಕಲ್ಲು ಬಹು ಹಳೆಯದು. ಭೂವಿಜ್ಞಾನಿಗಳ ಕಲಾದಗಿ ಶಿಲಾಸ್ತೋಮದಲ್ಲಿ ರಾಮದುರ್ಗ ಎಂಬ ಹೆಸರಿನ ಒಂದು ಪದರವಿದೆ, ಅದರೊಳಗೆ ಸವದತ್ತಿ ಕ್ವಾರ್ಟ್‌ಜೈಟ್ ಎಂಬ ಇನ್ನೊಂದಿದೆ. ಎರಡು ಊರುಗಳ ಹೆಸರು ಹೀಗೆ ಶಿಲಾಶಾಸ್ತ್ರದ ಗ್ರಂಥಗಳಲ್ಲಿ ಉಳಿದಿದೆ. ಕ್ವಾರ್ಟ್‌ಜೈಟ್ ಎಂದರೆ ಬಹುಪಾಲು ಬೆಣಚು. ವಿಶ್ವಕಿರಣದ ನ್ಯೂಟ್ರಾನುಗಳು ಬೆಣಚಿನ ಆಮ್ಲಜನಕ, ಸಿಲಿಕಾನ್ ನ್ಯೂಕ್ಲಿಯಸ್ಸುಗಳನ್ನು ಒಡೆದಾಗ ಬೆರಿಲಿಯಮ್-10 ಎಂಬ ವಿಕಿರಣಶೀಲ ಪರಮಾಣು ಉಂಟಾಗುತ್ತದೆ. ವರ್ಷಕ್ಕೆ ಒಂದು ಗ್ರಾಂ ಬೆಣಚಿನಲ್ಲಿ ಕೆಲವೇ ಪರಮಾಣುಗಳು, ಅದೂ ಮೇಲಿನ ಒಂದೆರಡು ಮೀಟರಿನೊಳಗೆ. ಅದರ ಅರ್ಧಾಯು ಸುಮಾರು 14 ಲಕ್ಷ ವರ್ಷ. ಕಲ್ಲು ಎಷ್ಟು ಕಾಲ ಆಕಾಶಕ್ಕೆ ತೆರೆದುಕೊಂಡಿತ್ತು, ಗುಡ್ಡ ಎಷ್ಟು ವೇಗದಲ್ಲಿ ಸವೆಯುತ್ತಿದೆ ಎಂಬುದನ್ನು ಈ ಪರಮಾಣುಗಳನ್ನು ಎಣಿಸಿ ಹೇಳಬಹುದು. ಈ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಟಾಟಾ ಸಂಸ್ಥೆಯ ದೇವೇಂದ್ರ ಲಾಲ್ ಪ್ರಮುಖರು. ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತಲಿನ ಬೆಣಚುಗಲ್ಲುಗಳೂ ಈ ಲೆಕ್ಕವನ್ನು ತಮ್ಮೊಳಗೆ ಬರೆದುಕೊಳ್ಳುತ್ತಲೇ ಇವೆ.

ಕಲ್ಲಿನಲ್ಲಿ ಲಕ್ಷ ವರ್ಷದ ಲೆಕ್ಕವಾದರೆ, ಹೊಲದಲ್ಲಿ ವಾರದ ಲೆಕ್ಕ. ಮುಂಗಾರು ಮೋಡ ಸಹ್ಯಾದ್ರಿಯ ಮೇಲೆ ಸುರಿದು, ಕಿತ್ತೂರಿಗೆ ಬರುವಾಗಲೇ ಬಹಳಷ್ಟು ಬರಿದಾಗಿರುತ್ತದೆ. ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗ ಮುಟ್ಟುವಷ್ಟರಲ್ಲಿ ಮಳೆನೆರಳಿನ ಸೀಮೆ. ಕಿತ್ತೂರಿನ ಆಚೆ ಭತ್ತದ ಗದ್ದೆಗಳಿದ್ದರೆ, ಬೈಲಹೊಂಗಲದ ಎರೆಭೂಮಿಯಲ್ಲಿ ಹತ್ತಿ, ಜೋಳ, ಕಡಲೆ. ರಾಮದುರ್ಗದಲ್ಲಿ ಮಳೆ ಕಡಿಮೆ. ಆದರೂ 2019ರ ಆಗಸ್ಟಿನಲ್ಲಿ ಮೇಲಿನ ಸೀಮೆಯಲ್ಲಿ ಬಿದ್ದ ಮಳೆಗೆ ಮಲಪ್ರಭೆ ಉಕ್ಕಿ ಪಟ್ಟಣದ ನೇಕಾರರ ಮನೆಗಳಿಗೆ ನುಗ್ಗಿತು. ಎಷ್ಟು ಮಳೆ ಬಿತ್ತೆಂಬುದನ್ನು ಮಳೆಮಾಪಕ ಹೇಳುತ್ತದೆ. ಅದರಲ್ಲಿ ಎಷ್ಟು ನೆಲದಲ್ಲಿ ನಿಂತಿದೆ, ಬಿತ್ತಿಗೆಗೆ ಹದ ಇದೆಯೇ ಎಂಬುದನ್ನು ಅದು ಹೇಳಲಾರದು. ರೈತ ಹಿಡಿಮಣ್ಣು ಎತ್ತಿ ಹಿಸುಕಿ ತಿಳಿಯುವ ಆ ಹದವನ್ನು ಇಡೀ ಹೊಲಕ್ಕೆ ಅಳೆಯಲು ವಿಶ್ವಕಿರಣವೇ ಬಳಕೆಗೆ ಬಂದಿದೆ.

ಅದರ ಕ್ರಮ ಹೀಗೆ. ವಿಶ್ವಕಿರಣದಿಂದ ಹುಟ್ಟಿದ ವೇಗದ ನ್ಯೂಟ್ರಾನುಗಳು ಮಣ್ಣಿಗೆ ಹೊಕ್ಕು ಮತ್ತೆ ಗಾಳಿಗೆ ಚಿಮ್ಮುತ್ತಿರುತ್ತವೆ. ನ್ಯೂಟ್ರಾನಿಗೂ ಹೈಡ್ರೋಜನ್ ನ್ಯೂಕ್ಲಿಯಸ್ಸಿಗೂ ತೂಕ ಹೆಚ್ಚುಕಡಿಮೆ ಒಂದೇ. ಒಂದೇ ಗಾತ್ರದ ಎರಡು ಗೋಲಿ ಬಡಿದಾಗ ಬಂದ ಗೋಲಿ ನಿಂತು ನಿಂತಿದ್ದು ಓಡುವಂತೆ, ನ್ಯೂಟ್ರಾನ್ ತನ್ನ ವೇಗವನ್ನು ಹೈಡ್ರೋಜನ್ನಿಗೆ ಕೊಟ್ಟು ಕುಗ್ಗುತ್ತದೆ. ನೀರಿನಲ್ಲಿ ಹೈಡ್ರೋಜನ್ ತುಂಬಿದೆ. ಮಣ್ಣು ಹಸಿಯಾಗಿದ್ದರೆ ವೇಗದ ನ್ಯೂಟ್ರಾನುಗಳ ಎಣಿಕೆ ಕಡಿಮೆ, ಒಣಗಿದರೆ ಹೆಚ್ಚು. ನೆಲಕ್ಕಿಂತ ಒಂದೆರಡು ಮೀಟರ್ ಮೇಲೆ ಕಂಬಕ್ಕೆ ಕಟ್ಟಿದ ಒಂದು ಎಣಿಕೆ ಕೊಳವೆ ಸುತ್ತಲಿನ ಸುಮಾರು 200 ಮೀಟರಿನ ಹೊಲದ ತೇವವನ್ನು ಒಟ್ಟಾಗಿ ತಿಳಿಸುತ್ತದೆ. ಆಳ ಮಣ್ಣಿನ ಸ್ಥಿತಿಗೆ ತಕ್ಕಂತೆ 15ರಿಂದ 80 ಸೆಂಟಿಮೀಟರ್. ಗಾಳಿಯ ಒತ್ತಡ, ಆರ್ದ್ರತೆ, ಹೊರಗಿನಿಂದ ಬರುವ ಕಿರಣದ ಏರಿಳಿತ ಇವಿಷ್ಟನ್ನೂ ಲೆಕ್ಕದಿಂದ ಕಳೆಯಬೇಕು. ಹವಾಮಾನ ಗೊತ್ತಿಲ್ಲದ ಕಣಭೌತಜ್ಞನಿಗೂ ಕಣಭೌತ ಗೊತ್ತಿಲ್ಲದ ಕೃಷಿ ವಿಜ್ಞಾನಿಗೂ ಇದು ಒಗ್ಗದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧಕರು ಕೂಡಿ ಭಾರತದಲ್ಲಿ ನೆಟ್ಟ ಇಂಥ ಕೇಂದ್ರಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು, ಚಾಮರಾಜನಗರ ಜಿಲ್ಲೆಯ ಬೇರಂಬಾಡಿ ಜಲಾನಯನ ಪ್ರದೇಶ ಇನ್ನೊಂದು. ಧಾರವಾಡದಿಂದ ಕಿತ್ತೂರು ದೂರವಲ್ಲ, ಬೈಲಹೊಂಗಲದ ಎರೆಮಣ್ಣೂ ಅಲ್ಲಿನ ಬಗೆಯದೇ.

ವಿಶ್ವಕಿರಣಕ್ಕೂ ಮೋಡಕ್ಕೂ ಇರುವ ನಂಟಿನಲ್ಲಿ ಎರಡು ಸಂಗತಿ ದಾಖಲಿಸಬೇಕಾದವು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಉಪಗ್ರಹಗಳ ನಿರ್ಮಾತೃವೆಂದು ಪ್ರಸಿದ್ಧರು; ಮೂಲತಃ ಅವರು ವಿಶ್ವಕಿರಣ ವಿಜ್ಞಾನಿ. ವಿಶ್ವಕಿರಣ ಕಡಿಮೆಯಾದರೆ ಕೆಳಮೋಡಗಳೂ ಕಡಿಮೆಯಾಗಿ ಭೂಮಿಯ ಬಿಸಿ ಏರುವುದರಲ್ಲಿ ಅದರ ಪಾಲೂ ಇರುತ್ತದೆಂದು ಅವರು 2011ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಾದಿಸಿದರು. ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಕ್ಲೌಡ್ ಎಂಬ ಹೆಸರಿನ ಪ್ರಯೋಗ ಇದನ್ನೇ ಪರೀಕ್ಷಿಸಿತು. ಅಯಾನುಗಳು ಸೂಕ್ಷ್ಮಕಣಗಳನ್ನು ಕಟ್ಟಲು ನೆರವಾಗುವುದು ನಿಜ, ಆದರೆ ಹವಾಮಾನದ ಮೇಲೆ ಅದರ ಪರಿಣಾಮ ಅಲ್ಪ ಎಂಬುದು ಈವರೆಗಿನ ಫಲಿತಾಂಶ. ಉತ್ತರ ಬೇರೆ ಬಂದರೂ ಪ್ರಶ್ನೆ ಯೋಗ್ಯವೇ ಆಗಿತ್ತು. ಎರಡನೆಯದು ಸಿಡಿಲಿನದು. ಊಟಿಯಲ್ಲಿ ಟಾಟಾ ಸಂಸ್ಥೆಯ ಗ್ರೇಪ್ಸ್-3 ಎಂಬ ಪ್ರಯೋಗವಿದೆ. ಅದರ ಮ್ಯುಯಾನ್ ದೂರದರ್ಶಕ ಕೋಲಾರದ ಬಗೆಯದೇ ಎಣಿಕೆ ಕೊಳವೆಗಳಿಂದ ಕಟ್ಟಿದ್ದು. 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ಮೇಲೆ ಬಂದಾಗ ಮ್ಯುಯಾನುಗಳ ಎಣಿಕೆ ಕುಸಿಯಿತು. ಎಷ್ಟು ಕುಸಿಯಿತೆಂಬುದರಿಂದ ಮೋಡದೊಳಗಿನ ವಿದ್ಯುತ್ ವಿಭವ 1.3 ಗಿಗಾವೋಲ್ಟ್, ಅಂದರೆ 130 ಕೋಟಿ ವೋಲ್ಟ್ ಎಂದು 2019ರಲ್ಲಿ ಪ್ರಕಟವಾಯಿತು. ಗುಡುಗುಮೋಡದಲ್ಲಿ ಅಷ್ಟು ವಿಭವ ಇರಬಲ್ಲದೆಂದು 1920ರ ದಶಕದಲ್ಲೇ ಹೇಳಿದ್ದವನು ಕ್ಲೌಡ್ ಚೇಂಬರಿನ ಅದೇ ವಿಲ್ಸನ್. ಮುಂಗಾರಿಗೆ ಮುಂಚಿನ ಅಡ್ಡಮಳೆಯಲ್ಲಿ ಹೊಲದಲ್ಲಿದ್ದವರನ್ನೂ ದನಕರುಗಳನ್ನೂ ಸಿಡಿಲು ಬಲಿ ತೆಗೆದುಕೊಳ್ಳುವ ಈ ನಾಲ್ಕು ತಾಲೂಕುಗಳ ಸೀಮೆಗೆ, ಮೋಡದ ಒಳಗನ್ನು ಅಳೆಯುವ ವಿದ್ಯೆ ಬರಿಯ ಪಾಂಡಿತ್ಯದ ಸಂಗತಿಯಾಗಲಾರದು.

ಆಸ್ಪತ್ರೆಯಲ್ಲಿ ಪಾಸಿಟ್ರಾನ್ ಪೆಟ್ ಸ್ಕ್ಯಾನಿನ ಮೂಲಕ ಕೆಲಸ ಮಾಡುತ್ತದೆ. ಫ್ಲೋರಿನ್-18 ಬೆರೆಸಿದ ಸಕ್ಕರೆಯಂಥ ಔಷಧವನ್ನು ರೋಗಿಗೆ ಚುಚ್ಚಿದಾಗ, ಸಕ್ಕರೆಯನ್ನು ಹೆಚ್ಚಾಗಿ ಹೀರುವ ಗೆಡ್ಡೆಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಅಲ್ಲಿ ಹೊಮ್ಮಿದ ಪಾಸಿಟ್ರಾನ್ ಎಲೆಕ್ಟ್ರಾನಿಗೆ ತಾಗಿ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಹರಳುಗಳು ಆ ಜೋಡಿಯನ್ನು ಒಟ್ಟಿಗೆ ಹಿಡಿದು, ಗೆಡ್ಡೆ ಯಾವ ಗೆರೆಯ ಮೇಲಿದೆಯೆಂದು ಹೇಳುತ್ತವೆ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ದೂರವಿದ್ದಷ್ಟೂ ದಾರಿಯಲ್ಲೇ ಔಷಧ ಕರಗುತ್ತದೆ. ರಾಮದುರ್ಗದ ಬಡ ರೋಗಿಗೆ ಬೆಳಗಾವಿ, ಹುಬ್ಬಳ್ಳಿಯ ಆಸ್ಪತ್ರೆಗಳೇ ದೂರ. ವೈದ್ಯಕೀಯ ಎಂಜಿನಿಯರಿಂಗಿನಲ್ಲಿ ಭೂಗೋಳವೂ ಒಂದು ಸಮಸ್ಯೆಯೆಂಬುದು ಇಲ್ಲಿ ಗೊತ್ತಾಗುತ್ತದೆ.

ಸಿ.ಟಿ. ಸ್ಕ್ಯಾನಿನ ಕತೆಯಲ್ಲಿ ಬೆಂಗಳೂರಿನ ಪಾಲು ಇನ್ನೂ ನೇರವಾದದ್ದು. ದೇಹದ ಸುತ್ತ ಹಲವು ಕೋನಗಳಿಂದ ಎಕ್ಸ್-ಕಿರಣ ಹಾಯಿಸಿದರೆ ಪ್ರತಿ ಕೋನದಿಂದಲೂ ಒಂದೊಂದು ನೆರಳು ಸಿಗುತ್ತದೆ. ಆ ನೆರಳುಗಳಿಂದ ಒಳಗಿನ ಚಿತ್ರ ಕಟ್ಟುವುದು ಗಣಿತದ ಪ್ರಶ್ನೆ. ಇದೇ ಪ್ರಶ್ನೆ ರೇಡಿಯೊ ಖಗೋಳಜ್ಞರಿಗೂ ಇತ್ತು: ಅವರ ಆ್ಯಂಟೆನಾಗಳು ಆಕಾಶವನ್ನು ಚುಕ್ಕಿಚುಕ್ಕಿಯಾಗಿ ನೋಡದೆ ಪಟ್ಟಿಪಟ್ಟಿಯಾಗಿ ನೋಡುತ್ತಿದ್ದವು. ರೊನಾಲ್ಡ್ ಬ್ರೇಸ್‌ವೆಲ್ 1956ರಲ್ಲಿ ಮೊದಲುಮಾಡಿ, 1967ರಲ್ಲಿ ರಿಡಲ್ ಅವರೊಡನೆ ಅದಕ್ಕೆ ಒಳ್ಳೆಯ ಉತ್ತರ ಕೊಟ್ಟರು. ವೈದ್ಯಕೀಯಕ್ಕೆ ಬೇಕಾದ ಚುರುಕಿನ ವಿಧಾನವನ್ನು 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದರು. ಮದರಾಸಿನಿಂದ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕಭೌತ ವಿಭಾಗ ಕಟ್ಟುತ್ತಿದ್ದ ರಾಮಚಂದ್ರನ್ ಪ್ರೋಟೀನಿನ ರಚನೆಯ ತಜ್ಞರು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಅವರಿಗೂ ಭೌತವಿಜ್ಞಾನಿ ಕೊರ್ಮ್ಯಾಕ್ ಅವರಿಗೂ ಹೋಯಿತು. ಬೆಂಗಳೂರಿನ ಇಬ್ಬರ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಅವರ ಸೋಸುಗಣಿತ ರ್‍ಯಾಮ್-ಲ್ಯಾಕ್ ಫಿಲ್ಟರ್ ಎಂದು ಜಗತ್ತಿನ ಸಿ.ಟಿ. ಪಠ್ಯಗಳಲ್ಲೆಲ್ಲ ಇದೆ. ಎಕ್ಸ್-ಕಿರಣದ ಬದಲು ಮ್ಯುಯಾನುಗಳನ್ನು ಬಳಸಿ ಇದೇ ತತ್ವದಿಂದ ಜ್ವಾಲಾಮುಖಿಗಳ ಒಳಗನ್ನೂ ನೋಡುತ್ತಾರೆ. ಈಜಿಪ್ಟಿನ ದೊಡ್ಡ ಪಿರಮಿಡ್ಡಿನೊಳಗೆ ಅಡಗಿದ್ದ ಟೊಳ್ಳು 2017ರಲ್ಲಿ ಪತ್ತೆಯಾದದ್ದು ಮ್ಯುಯಾನುಗಳ ನೆರಳಿನಿಂದಲೇ.

ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು ನೂರು ವರ್ಷಕ್ಕೂ ಹಿಂದೆ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ದತ್ತಿ ಬಿಟ್ಟರು. ಆ ಬಗೆಯ ದತ್ತಿಗೆ ಇಂದು, ವಿಶ್ವಕಿರಣದ ಈ ವಿದ್ಯೆಯಲ್ಲೂ, ಹೊಸ ಕೆಲಸಗಳಿವೆ. ಒಣ ಮಂಜುಗಡ್ಡೆ ಮತ್ತು ಐಸೊಪ್ರೊಪಿಲ್ ಆಲ್ಕೊಹಾಲ್ ಇದ್ದರೆ ಪದವಿ ಕಾಲೇಜಿನ ಪ್ರಯೋಗಶಾಲೆಯಲ್ಲೇ ಕ್ಲೌಡ್ ಚೇಂಬರ್ ಕಟ್ಟಿ ಮ್ಯುಯಾನಿನ ಜಾಡನ್ನು ಕಣ್ಣಾರೆ ನೋಡಬಹುದು. ಅದಕ್ಕಿಂತ ಮುಂದಿನ ಹೆಜ್ಜೆ ನ್ಯೂಟ್ರಾನ್ ಎಣಿಕೆ. ಕಿತ್ತೂರಿನ ಮಳೆಯಂಚಿನ ನೆಲದಲ್ಲಿ ಒಂದು, ಬೈಲಹೊಂಗಲದ ಎರೆಯಲ್ಲಿ ಒಂದು, ಸವದತ್ತಿಯ ಕಲ್ಲುಭೂಮಿಯಲ್ಲಿ ಒಂದು, ರಾಮದುರ್ಗದ ಒಣಸೀಮೆಯಲ್ಲಿ ಒಂದು, ಹೀಗೆ ನಾಲ್ಕು ಕೇಂದ್ರಗಳಿದ್ದರೆ ಮಳೆ ಇಳಿಯುತ್ತ ಹೋಗುವ ಇಡೀ ಹಾದಿಯ ಹದವನ್ನು ಒಂದೇ ಸಲಕ್ಕೆ ತಿಳಿಯಬಹುದು. ಧಾರವಾಡದಲ್ಲಿ ಅನುಭವವಿದೆ, ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಿದೆ, ನಾಲ್ಕೂ ಪಟ್ಟಣಗಳಲ್ಲಿ ಕಾಲೇಜುಗಳಿವೆ. ಆ ಕಾಲೇಜುಗಳ ಅಧ್ಯಾಪಕರೂ ಆಡಳಿತ ಮಂಡಳಿಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.